ತೋಳಿನ ಮೇಲೆ ರೇಷ್ಮೆಯ ಎಳೆ

ಚಿಕ್ಕತಾಯಿ, ನಿನ್ನ ತೋಳಿನ ಮೇಲಿದ್ದ ಮಚ್ಚೆ ಯಾವ ಕಾಯಿಲೆಯದೆಂದು ನನಗೆ ಅವತ್ತೇ ಗೊತ್ತಿತ್ತು. ಅನುಮಾನವಲ್ಲ, ಊಹೆಯಲ್ಲ — ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಆಸ್ಪತ್ರೆಗೆ ಕಳಿಸದೆ ದೇವಸ್ಥಾನಕ್ಕೆ ಕಳಿಸಿದೆ.

ಇದನ್ನು ಎಷ್ಟೋ ಬಾರಿ ನನಗೆ ನಾನೇ ಹೇಳಿಕೊಂಡಿದ್ದೇನೆ. ಪ್ರತಿ ಸಲವೂ ಕಥೆ ಸ್ವಲ್ಪ ನನ್ನ ಕಡೆಗೇ ವಾಲುತ್ತದೆ. ಒಂದು ಸಲ ನೆನೆದಾಗ ನಾನು ಅಳುತ್ತಿರುತ್ತೇನೆ. ಇನ್ನೊಂದು ಸಲ, ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಯಾರೋ ಬಂದುಬಿಡುತ್ತಾರೆ. ಯಾರೂ ಬರಲಿಲ್ಲ. ನಾನು ಅಳಲೂ ಇಲ್ಲ. ಮುಂದೆ ಬರೆಯುವುದರಲ್ಲಿ ನನ್ನ ಬಗ್ಗೆ ಅಯ್ಯೋ ಅನ್ನಿಸುವಂಥದ್ದೇನಾದರೂ ಕಂಡರೆ ಅದನ್ನು ನಂಬಬೇಡ.

ಶೆಡ್ಡನ್ನು ನಂಬಬಹುದು. ತಿ. ನರಸೀಪುರದ ರಸ್ತೆಯಲ್ಲಿ ನಮ್ಮ ಯಜಮಾನರು, ಅಂದರೆ ನನ್ನ ಗಂಡ, ನಡೆಸುವ, ರೇಷ್ಮೆಗೂಡಿನಿಂದ ನೂಲು ತೆಗೆಯುವ ಶೆಡ್ಡು. ಬೆಂದ ಹುಳುವಿನ ವಾಸನೆ, ಸದಾ ಹಬೆ. ಬಿಸಿನೀರಿನ ಬೇಸಿನ್ನಿನಲ್ಲಿ ಗೂಡುಗಳು ಹೊರಳುತ್ತಿರುತ್ತವೆ. ಹೆಂಗಸರು ಅದರೊಳಗೆ ಬೆರಳಿಟ್ಟು ಕೂದಲಿಗಿಂತ ತೆಳುವಾದ ಎಳೆಯನ್ನು ಹುಡುಕಿ ತೆಗೆಯಬೇಕು. ಅದಕ್ಕೇ ಪ್ರತಿಯೊಬ್ಬಳ ಪಕ್ಕದಲ್ಲೂ ಒಂದು ತಣ್ಣೀರಿನ ಬೋಸಿ. ಬಿಸಿಗೊಮ್ಮೆ, ತಣ್ಣಗಿನದಕ್ಕೊಮ್ಮೆ — ದಿನವೆಲ್ಲ ಬೆರಳುಗಳ ಓಡಾಟ ಇಷ್ಟೇ. ವರ್ಷಗಟ್ಟಲೆ ಮಾಡಿದ ಮೇಲೆ ಕೆಲವರಿಗೆ ಚರ್ಮ ದಪ್ಪಗಾಗಿ ತಣ್ಣೀರಿನ ಹಂಗು ಕಡಿಮೆಯಾಗುತ್ತದೆ. ಆಗ ಕೈ ಪಳಗಿತು ಎನ್ನುತ್ತಾರೆ. ಪಳಗಿದವಳ ಬೋಸಿಯನ್ನು ಬೋರಲು ಹಾಕಿ, ಎಲ್ಲರಿಗೂ ಕಡ್ಲೆಪುರಿ ಹಂಚುವುದು ನಮ್ಮ ಶೆಡ್ಡಿನ ಪದ್ಧತಿ.

ಚಿಕ್ಕತಾಯಿ, ನೀನು ನಮ್ಮಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನಿನ್ನ ಬೋಸಿಯ ನೀರು ಬೆಳಿಗ್ಗೆ ತುಂಬಿದ ಹಾಗೆಯೇ ಸಂಜೆಗೂ ಇರುತ್ತಿತ್ತು.

"ಏನೇ ಇವ್ಳು, ಕೈಗೆ ಚಕ್ಕಳ ಒಲಿಸ್ಕಂಡ್ ಬಂದವ್ಳಾ?" ಎಂದಳು ದೇವಮ್ಮ, ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು.

"ನಿಂಗೆ ಒಟ್ಟೆಕಿಚ್ಚು ಕಣಕ್ಕ," ಎಂದೆ ನೀನು. "ನಮ್ಮಟ್ಟೀಲಿ ರೊಟ್ಟಿ ತಟ್ಟೀ ತಟ್ಟೀ ಪಳಗ್ಬುಟ್ಟದೆ."

"ತಟ್ಟೋಳು ನಿಮ್ಮವ್ವ, ತಿನ್ನೋಳು ನೀನು. ನಂಗೊತ್ತಿಲ್ವಾ?"

ಎಲ್ಲರೂ ನಕ್ಕರು. ಬೋಸಿಯನ್ನು ಬೋರಲು ಹಾಕಿದವಳು ನಾನು. "ದೇವ್ರು ಕೊಟ್ಟ ಕೈ ಕಣೆ ಇದು" ಎಂದವಳೂ ನಾನೇ. ಆಗ ನನಗಿನ್ನೂ ಏನೂ ಗೊತ್ತಿರಲಿಲ್ಲ ಎಂದು ಬರೆಯಹೊರಟಿದ್ದೆ. ಅದೂ ಪೂರ್ತಿ ನಿಜವಲ್ಲ. ಬಿಸಿ ತಿಳಿಯದ ಚರ್ಮ ಎಂದರೆ ಏನೆಂಬುದನ್ನು ಆ ಶೆಡ್ಡಿನಲ್ಲಿ ಬಲ್ಲವಳು ನಾನೊಬ್ಬಳೇ.

ಯಾಕೆಂದರೆ — ಇದನ್ನು ಮದುವೆಯಾದ ಮೇಲೆ ಯಾರಿಗೂ ಹೇಳಿರಲಿಲ್ಲ — ನನಗೂ ಇತ್ತು. ನಂಜನಗೂಡಿನಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಎಡತೋಳಿನ ಮೇಲೆ ಅಂಥದ್ದೇ ಮಾಸಲು ಮಚ್ಚೆ ಎದ್ದಿತ್ತು. ಅಪ್ಪ ಎರಡು ಕೆಲಸ ಮಾಡಿದರು. ಒಂದನ್ನು ಎಲ್ಲರಿಗೂ ಕಾಣುವಂತೆ ಮಾಡಿದರು: ನನ್ನನ್ನು ಕಪಿಲೆಯಲ್ಲಿ ಮುಳುಗಿಸಿ, ಒದ್ದೆ ಬಟ್ಟೆಯಲ್ಲೇ ನಂಜುಂಡೇಶ್ವರನ ಗುಡಿಯ ಸುತ್ತ ಹೆಜ್ಜೆ ನಮಸ್ಕಾರ ಮಾಡಿಸಿದರು. ಇನ್ನೊಂದನ್ನು ಯಾರಿಗೂ ಕಾಣದಂತೆ: ಮೈಸೂರಿಗೆ ಕರೆದೊಯ್ದು ಡಾಕ್ಟರಿಗೆ ತೋರಿಸಿದರು. ಡಾಕ್ಟರು ನನಗೆ ಕಣ್ಣು ಮುಚ್ಚಲು ಹೇಳಿ, ಪೆನ್ನಿನ ತುದಿಯಿಂದ ಮೆತ್ತಗೆ ಅಲ್ಲಲ್ಲಿ ಮುಟ್ಟಿ, "ಎಲ್ಲಿ ಮುಟ್ಟಿದೆ ತೋರ್ಸಮ್ಮ" ಎನ್ನುತ್ತಿದ್ದರು. ಮಚ್ಚೆಯ ಮೇಲೆ ಮುಟ್ಟಿದಾಗ ನಾನು ಸುಮ್ಮನೆ ಕೂತಿದ್ದೆನಂತೆ. ಕುಷ್ಠ, ಆದರೆ ಬೇಗ ಬಂದಿದ್ದೀರಿ, ಮಾತ್ರೆ ತಪ್ಪಿಸದಿದ್ದರೆ ಪೂರ್ತಿ ವಾಸಿ, ಇನ್ನೊಬ್ಬರಿಗೆ ಹರಡುವುದೂ ಇಲ್ಲ ಎಂದರು. ಹಾಗೆಯೇ ಆಯಿತು. ನಮ್ಮ ಬೀದಿಯವರು ದೇವರಿಗೆ ಕೈಮುಗಿದರು. ಮಾತ್ರೆಯ ಸುದ್ದಿ ಅಪ್ಪನ ಜೊತೆಗೇ ಮಣ್ಣಾಯಿತು.

ತೋಳಿನ ಮೇಲೆ ಉಳಿದ ಗುರುತನ್ನು ಗಂಡನಿಗೆ ಸುಟ್ಟಗಾಯ ಎಂದು ಹೇಳಿದ್ದೆ. ಆ ಹಬೆಯಲ್ಲೂ ಮೊಣಕೈವರೆಗಿನ ರವಿಕೆ ತೊಡುವ ನನ್ನನ್ನು ನೀವೆಲ್ಲ ಟೀಚರಮ್ಮ ಎಂದು ಆಡಿಕೊಳ್ಳುತ್ತಿದ್ದಿರಿ. ನಾನೂ ನಗುತ್ತಿದ್ದೆ. ನಗುತ್ತಲೇ, ಯಾರ ಕಣ್ಣು ಎಲ್ಲಿದೆ ಎಂದು ನೋಡುತ್ತಿದ್ದೆ. ಲೋಟವನ್ನು ತುಟಿಗೆ ಸೋಕಿಸದೆ ಎತ್ತಿ ಕುಡಿಯುವುದನ್ನು ಅತ್ತೆ ಮಡಿ ಎಂದುಕೊಂಡು ಮೆಚ್ಚಿದ್ದರು. ಡಾಕ್ಟರ ಮಾತನ್ನು ನಾನು ಎಂದೂ ಪೂರ್ತಿ ನಂಬಿರಲಿಲ್ಲ, ಅಷ್ಟೆ.

ಆ ಮಧ್ಯಾಹ್ನ ಊಟದ ಹೊತ್ತು. ನೂಲಿನ ಲಡಿ ಒಣಗಿಸುವ ಕೋಣೆಗೆ ನೀನು ನನ್ನ ಹಿಂದೆಯೇ ಬಂದೆ. ಆಷಾಢವೋ, ಅದಕ್ಕೂ ಮುಂಚೆಯೋ. ನೀನು ಉಟ್ಟಿದ್ದು ಹಸಿರು ಸೀರೆ ಎಂದು ನೆನಪು ಹೇಳುತ್ತದೆ, ಆದರೆ ನೆನಪು ಎಲ್ಲರಿಗೂ ಅದೇ ಹಸಿರು ಸೀರೆ ಉಡಿಸುತ್ತದೆ. ನೀನು ರವಿಕೆಯ ತೋಳು ಮೇಲೆತ್ತಿ, "ಅಕ್ಕಾ, ಒಸಿ ಇಲ್ ನೋಡಿ. ಇದೇನಿರ್ಬೋದು?" ಎಂದೆ.

ನನಗೆ ಮೊದಲು ಬಂದದ್ದು ಮರುಕವಲ್ಲ, ಅನುಮಾನ. ಇಷ್ಟು ಹೆಂಗಸರಿದ್ದಾರೆ, ದೇವಮ್ಮ ಇದ್ದಾಳೆ — ಇವಳು ನನ್ನನ್ನೇ ಯಾಕೆ ಕೇಳುತ್ತಾಳೆ? ಯಾರು ಕಳಿಸಿದರು? ನನ್ನ ಮುಖ ಓದಲು ಬಂದಿದ್ದಾಳೆಯೇ? ಆಮೇಲೆ ಇನ್ನೂ ಕೆಟ್ಟದೊಂದು: ಇದು ನನ್ನಿಂದಲೇ ಹೋದದ್ದಾದರೆ?

ಲಡಿಯಿಂದ ಒಂದು ಎಳೆ ಕಿತ್ತುಕೊಂಡೆ. ಇದು ಸುಳ್ಳು ನೆನಪಲ್ಲ. ಇವತ್ತಿಗೂ ಬೆರಳಿಗೆ ಅದರ ಒರಟು ಗೊತ್ತು. "ಕಿಟಕಿ ಕಡೆ ತಿರುಗು, ಬೆಳಕಲ್ಲಿ ನೋಡ್ತೀನಿ" ಎಂದೆ. ನೀನು ತಿರುಗಿ ನಿಮ್ಮಣ್ಣನ ಮಗುವಿನ ಕಿವಿ ಚುಚ್ಚಿಸಿದ ಕಥೆ ಹೇಳತೊಡಗಿದೆ. ಎಳೆಯನ್ನು ಮಚ್ಚೆಯ ಪಕ್ಕದ ಚರ್ಮಕ್ಕೆ ಸೋಕಿಸಿದೆ. "ಅಯ್, ಕಚಗುಳಿ ಆಯ್ತದೆ ಕಣಕ್ಕ" ಎಂದು ನೀನು ನಕ್ಕೆ. ಮಚ್ಚೆಯ ಮೇಲೆ ಎಳೆದೆ. ನೀನು ಮಾತಾಡುತ್ತಲೇ ಇದ್ದೆ. ಮತ್ತೆ ಎಳೆದೆ. ಮಗು ಹೇಗೆ ಚೀರಿತು ಎಂದು ನೀನು ಹೇಳುತ್ತಲೇ ಇದ್ದೆ.

"ಏನಿಲ್ಲ ಕಣೆ, ಬಿಸಿನೀರಿನ ಹಬೆಗೆ ಹಂಗಾಗಿದೆ," ಎಂದೆ. "ನಂಜುಂಡಪ್ಪನಿಗೆ ಹರಸ್ಕೊ. ಕಪಿಲೇಲಿ ಮುಳುಗಿ ಹೆಜ್ಜೆ ನಮಸ್ಕಾರ ಮಾಡು. ನಮ್ಮೂರಲ್ಲಿ ಎಷ್ಟೋ ಜನಕ್ಕೆ ಹೋಗಿದೆ."

ಅಪ್ಪ ಮಾಡಿದ್ದು ಎರಡು. ನಿನಗೆ ಹೇಳಿದ್ದು ಒಂದು.

ನೀನು ಸೋಮವಾರ ಸೋಮವಾರ ಹೋಗಿ ಬಂದೆ. ನನಗೆ ಪ್ರಸಾದ ತಂದುಕೊಟ್ಟೆ, ನಾನು ತಿಂದೆ. ಒಂದು ದಿನ ನಿನ್ನ ಕೈಯಿಂದ ಎಳೆ ಜಾರಿತು. ದಿನ ಕಳೆದಂತೆ ಜಾರುತ್ತಲೇ ಹೋಯಿತು. ಕಿರುಬೆರಳು, ಅದರ ಪಕ್ಕದ್ದು, ಒಳಕ್ಕೆ ಮಡಿಸಿಕೊಂಡು ಬಿಚ್ಚದಾದವು. "ಕೈ ಪಳಗಿದ್ದು ಜಾಸ್ತಿ ಆಯ್ತೇನೋ" ಎಂದು ಯಾರೋ ಅಂದರು, ಈ ಸಲ ಯಾರೂ ನಗಲಿಲ್ಲ. ಸ್ವಲ್ಪ ದಿನ ಮನೆಯಲ್ಲಿರು ಎಂದು ನಿನ್ನನ್ನು ಕಳಿಸಿದವಳೂ ನಾನೇ. ನೀನು ಕೂತಿದ್ದ ಜಾಗವನ್ನು ಫಿನಾಯಿಲಿನಲ್ಲಿ ತೊಳೆಸಿದೆ — ಇದು ನಿನಗೆ ಗೊತ್ತಿಲ್ಲ. ಈಗ ಗೊತ್ತಾಯಿತು.

ನಿಮ್ಮ ಊರಿಗೆ ಬರುವ ಆಶಾ ಕಾರ್ಯಕರ್ತೆ ಬೆರಳು ನೋಡಿ ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳೆಂದು ಆಮೇಲೆ ತಿಳಿಯಿತು. ನಾನು ನೋಡಲು ಬರಲಿಲ್ಲ.

ಹೋದ ವರ್ಷ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ನೀನೇ ನನ್ನ ಗುರುತು ಹಿಡಿದು ಕೂಗಿದೆ. "ಟೀಚರಮ್ಮಾ! ಗುರ್ತು ಸಿಕ್ಕಲಿಲ್ವಾ? ಬೋಸಿ ಬೋರ್ಲಾಕುದ್ರಲ್ಲ, ಅವ್ಳೇ ಕಣಕ್ಕ."

ನಾನು ನಿನ್ನ ಪಕ್ಕದಲ್ಲಿ ಕೂತೆ. ಎಷ್ಟು ದೂರ ಬಿಟ್ಟು ಕೂತೆ ಎಂದು ನೀನು ಗಮನಿಸಿದೆಯೋ ಏನೋ.

"ಮಾತ್ರೆ ಮುಗೀತು, ಕಾಯ್ಲೆ ಓಯ್ತು," ಎಂದೆ ನೀನು. "ಬೆರಳು ಮಾತ್ರ ಇಂಗೇ. ಒಸಿ ಮುಂಚೆ ಬಂದಿದ್ರೆ ಇವೂ ಉಳೀತಿದ್ವು ಅಂದ್ರು ಡಾಕ್ಟ್ರು. ನಿಂಗೆ ಗೊತ್ತಿರೋರ್ಗೆ ಯಾರ್ಗಾರಾ ಇತ್ತಾ ಅಂತ ಕೇಳುದ್ರು. ಇಲ್ಲ ಸಾ ಅಂದೆ."

ನಿನ್ನ ಕಣ್ಣು ನನ್ನ ರವಿಕೆಯ ತೋಳಿನ ಮೇಲಿತ್ತು.

"ನಿಮ್ ತೋಳು ನಾ ನೋಡಿದ್ದೆ ಕಣಕ್ಕ. ಒಂದಿನ ರವಿಕೆ ನೆಂದು ಮ್ಯಾಲೇರಿತ್ತು. ಅದ್ಕೇಯ ನಿಮ್ಮನ್ನೇ ಕೇಳಿದ್ದು. ನಿಮ್ಗೂ ಇಂಥದೇ ಬಂದು ವಾಸಿ ಆಗಿತ್ತಲ್ಲ, ದಾರಿ ಏಳ್ತೀರಿ ಅಂತ."

ಆ ದನಿಯಲ್ಲಿ ಕೋಪವಿರಬಹುದೇ ಎಂದು ಎಷ್ಟು ಸಲ ಹುಡುಕಿದ್ದೇನೆ. ಇದ್ದರೆ ಚೆನ್ನಾಗಿತ್ತು. ನಿನ್ನ ಬಸ್ಸು ಬಂತು. ನೀನು ಕಂಬಿಯನ್ನು ಎಡಗೈಯಲ್ಲಿ ಹಿಡಿದು ಹತ್ತಿಕೊಂಡೆ. ಆ ಮಧ್ಯಾಹ್ನ ನೀನು ನನ್ನನ್ನು ಪರೀಕ್ಷೆ ಮಾಡಲು ಬಂದವಳಲ್ಲ. ನನ್ನ ಗುಟ್ಟನ್ನು ನನಗಿಂತ ಜೋಪಾನವಾಗಿ ಕಾದವಳು — ಅದಕ್ಕೆ ನಿನ್ನ ಬೆರಳು...

ಮೊನ್ನೆ ನಮ್ಮ ಶೆಡ್ಡಿಗೂ ಒಬ್ಬ ಆಶಾ ಕಾರ್ಯಕರ್ತೆ ಬಂದಿದ್ದಳು. ಮಚ್ಚೆ ಇದ್ದವರು ತೋರಿಸಿ ಎಂದರೆ ಎಲ್ಲರೂ ಸೆರಗು ಹೊದ್ದರು. "ನಮ್ಗೇನಾಗದೆ? ಓಗವ್ವ, ಗೂಡು ಬೇಯ್ತಾ ಅವೆ," ಎಂದಳು ದೇವಮ್ಮ. ನಾನು ಮುಂದೆ ಹೋಗಿ ರವಿಕೆಯ ತೋಳನ್ನು ಮೇಲೆತ್ತಿದೆ. "ನಂಗಿತ್ತು. ದೊಡ್ಡ ರೋಗವೇ. ಮಾತ್ರೆ ನುಂಗಿ ವಾಸಿಯಾಯ್ತು. ಚಿಕ್ಕತಾಯಿದು ಇದೇ ಅಂತ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ," ಎಂದೆ. ಗೂಡು ತೂಗುತ್ತಿದ್ದ ನಮ್ಮ ಯಜಮಾನರು ತಕ್ಕಡಿಯನ್ನು ಕೆಳಗಿಟ್ಟರು. ಅವರು ಇನ್ನೂ ನನ್ನ ಜೊತೆ ಮಾತಾಡಿಲ್ಲ. ಸಂಜೆ ನಾನು ಕೊಟ್ಟ ಟೀ ದೇವಮ್ಮನ ಪಕ್ಕದಲ್ಲಿ ಹಾಗೆಯೇ ಆರಿತು. ಹೋಗುವಾಗ ಮಾತ್ರ ಒಬ್ಬ ಹೊಸಬಳು ಹಿಂದೆ ಉಳಿದು, ನೋಡಿ ಎನ್ನುವಂತೆ ಅಂಗೈಯನ್ನು ಮೇಲೆ ಮಾಡಿ ನನ್ನ ಮುಂದೆ ಚಾಚಿದಳು.

ಇದನ್ನು ಧೈರ್ಯ ಎಂದು ಬರೆಯಲು ಮನಸ್ಸು ಎಳೆಯುತ್ತದೆ. ಬರೆಯುವುದಿಲ್ಲ. ಬಸ್‌ಸ್ಟ್ಯಾಂಡಿನಿಂದ ಈ ಮಾತಿಗೆ ಬರಲು ನನಗೆ ಮತ್ತೆ ಒಂದು ವರ್ಷ ಬೇಕಾಯಿತು.

ನಿನ್ನ ಬೋಸಿಯನ್ನು ನೆಟ್ಟಗೆ ಮಾಡಿ ನೀರು ತುಂಬಿಟ್ಟಿದ್ದೇನೆ. ನಮ್ಮಲ್ಲಿ ಇನ್ನು ಯಾರ ಬೋಸಿಯನ್ನೂ ಬೋರಲು ಹಾಕುವುದಿಲ್ಲ. ತಣ್ಣೀರು ಬೇಡ ಎಂದವಳ ಕೈಯನ್ನು ಹಿಡಿದು ನೋಡುತ್ತೇನೆ. ಇದರಿಂದ ನಿನ್ನ ಬೆರಳು ಬಿಚ್ಚಿಕೊಳ್ಳುವುದಿಲ್ಲ.

ನೀನು ಕೇಳಿದ್ದು ದಾರಿ. ಆ ಮಧ್ಯಾಹ್ನವೂ ಆಸ್ಪತ್ರೆಯ ಕಡೆಗೆ ಹೋಗುವ ಬಸ್ಸು ನಮ್ಮ ಶೆಡ್ಡಿನ ಮುಂದೆಯೇ ನಿಂತು, ಹೊರಟು ಹೋಗಿತ್ತು.