ಜಂಬಯ್ಯ ಸುತ್ತಿದ ಜೀನ್ಸ್ ಪಟ್ಟಿ

“ಬಿಗಿ ಇರಲಿಲ್ಲ ಅಂತ ಯಾರೂ ಅನ್ನಂಗಿಲ್ಲಮ್ಮಾ. ಹಿಡಿದು ಜಗ್ಗಿದ್ರ ಲಾರಿ ಅಲುಗಾಡ್ತಿತ್ತು, ಪೈಪ್ ಅಲುಗಾಡ್ತಿರಲಿಲ್ಲ. ಲಾರಿ ಆಂಜನೇಯ ತಂದಿದ್ದ ಏರ್ ಫಿಲ್ಟರ್ ಕಂಪನೀದಲ್ಲ, ಹೊರಗಿಂದು. ಅದರ ಮೂತಿ ಇಂಜಿನ್ನಿಗೆ ಗಾಳಿ ಒಯ್ಯೋ ರಬ್ಬರ್ ಪೈಪಿಗಿಂತ ಒಂದು ನೂಲು ಸಣ್ಣ. ಅವಗ ಲೋಡಿಗೆ ಹೊತ್ತಾಗಿತ್ತು. ಕೈ ಒರೆಸೋ ಜೀನ್ಸ್ ಬಟ್ಟಿ ಕಾಲಾಗ ಬಿದ್ದಿತ್ತು. ಒಂದು ಪಟ್ಟಿ ಹರಿದು ಮೂತಿಗೆ ಎರಡು ಸುತ್ತು ಸುತ್ತಿ, ಮ್ಯಾಲ ಪೈಪ್ ಏರಿಸಿ ಕ್ಲಿಪ್ ಬಿಗಿದೆ. ಜೀನ್ಸ್ ಅಂದ್ರ ಗಟ್ಟಿ ಅಂತ ನಮ್ಮೂರಾಗ ಎಲ್ಲರ ತಲ್ಯಾಗೂ ಕುಂತೈತಲ್ರಿ. ಎಷ್ಟು ಗಟ್ಟಿ ಇದ್ರೇನು, ಅದು ಬಟ್ಟಿ. ಗಾಳಿ ನುಸುಳ್ತು, ಗಾಳಿ ಹಿಂದ ದೂಳು ಹೋತು. ಐದು ತಿಂಗಳಿಗೆ ಇಂಜಿನ್ ಮುಗೀತು.”

ಇಷ್ಟನ್ನೂ ಜಂಬಯ್ಯ ಬೇರೆ ಯಾರದೋ ಲಾರಿಯ ಸುದ್ದಿ ಹೇಳಿದಂತೆ ಹೇಳಿ ಮುಗಿಸಿದ. ದನಿ ಏರಲಿಲ್ಲ, ಇಳಿಯಲಿಲ್ಲ. ತಟ್ಟೆಯಲ್ಲಿದ್ದ ಇಡ್ಲಿ ಆರಿಹೋಗಿತ್ತು. ಅದನ್ನೇ ತಿಂದು ಎದ್ದ.

ರಾಯದುರ್ಗದ ಬಳ್ಳಾರಿ ರಸ್ತೆಯಲ್ಲಿ, ನನ್ನ ಇಡ್ಲಿ ಅಂಗಡಿಯ ಮಗ್ಗುಲಿಗೆ ಅವನ ಶೆಡ್ಡು. ಇಪ್ಪತ್ತಾರು ವರ್ಷದಿಂದ ಅಲ್ಲೇ ಲಾರಿ ರಿಪೇರಿ ಮಾಡುತ್ತಾನೆ. ನಾಲ್ಕನೇ ಕ್ಲಾಸು ಬಿಟ್ಟು ಬಳ್ಳಾರಿಯ ಗ್ಯಾರೇಜಿನಲ್ಲಿ ಕೆಲಸ ಕಲಿತವನು. ಊರಲ್ಲಿ ಬೀದಿಬೀದಿಗೂ ಜೀನ್ಸ್ ಹೊಲಿಯುತ್ತಾರೆ. ಚೂರುಬಟ್ಟೆ ಮೂಟೆಗಟ್ಟಲೆ ಸಿಗುತ್ತದೆ. ಮೆಕ್ಯಾನಿಕ್‌ಗಳಿಗೆಲ್ಲ ಕೈ ಒರೆಸಲು ಅದೇ. ಜಂಬಯ್ಯ ಮೊದಲೆಲ್ಲ ಬಹಳ ಮಾತಿನವನು. ಲಾರಿ ಬರುವ ಸದ್ದು ಕೇಳಿಯೇ, “ನಿನ್ನ ಗಾಡಿಗೆ ಕೆಮ್ಮು ಹತ್ತೈತಿ, ಶುಂಠಿ ಕಷಾಯ ಕುಡಿಸಲೇ” ಎಂದು ಡ್ರೈವರುಗಳನ್ನು ಕಾಡಿಸುತ್ತಿದ್ದ.

ಡಿ. ಹಿರೇಹಾಳಿನ ಆಂಜನೇಯನ ಇಂಜಿನ್ ಬಿಚ್ಚಿದ ದಿನ ಆ ಮಾತು ನಿಂತಿತು. ಕೆಂಪು ದೂಳು ಹಿಡಿದ ಪಟ್ಟಿಯನ್ನು ತಾನೇ ಎಳೆದು ತೆಗೆದು, ಇದು ನನ್ನ ಕೈಕೆಲಸ ಎಂದು ಆಂಜನೇಯನ ಮುಂದೆ ಹಿಡಿದಿದ್ದ. ಆಂಜನೇಯ ಬೈಯಲಿಲ್ಲ. ಇಂಜಿನ್ನನ್ನು ಬಳ್ಳಾರಿಗೆ ಒಯ್ದ. ಆಮೇಲೆ ಜಂಬಯ್ಯನ ಹೆಂಡತಿ ಕೃಷ್ಣವೇಣಿ ನನ್ನ ಹತ್ತಿರ ಹೇಳಿಕೊಂಡಳು. ಸಾರಿಗೆ ಉಪ್ಪು ಹಾಕದೆ ಬಡಿಸಿದರೂ ಸುಮ್ಮನೆ ಉಂಡೇಳುತ್ತಾನಂತೆ. ಇನ್ನೊಂದು ಸಲ ಹಿಂಗಾದರೆ ಸ್ಪ್ಯಾನರ್ ಮುಟ್ಟುವುದಿಲ್ಲ, ಶೆಡ್ಡಿಗೆ ಬೀಗ ಎಂದಿದ್ದಾನಂತೆ. ಅವನಿಗೆ ಗೊತ್ತಿರುವುದು ಇದೊಂದೇ ಕೆಲಸ.

ಮೊನ್ನೆ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಆಂಜನೇಯ ಲಾರಿ ತಂದು ನಿಲ್ಲಿಸಿದ. ಇಂಜಿನ್ ಹೊಸದರಂತಾಗಿತ್ತು. ಆ ಹಳೇ ಲಾರಿಗೆ ಕಂಪನಿ ಫಿಲ್ಟರ್ ಈಗ ಬರುವುದೇ ಇಲ್ಲವಂತೆ, ಮತ್ತೆ ಹೊರಗಿನದೇ ತಂದಿದ್ದ. ಜಂಬಯ್ಯ ಅಳೆದು ನೋಡಿದ. ಮತ್ತೆ ಒಂದು ನೂಲು ಸಣ್ಣ. ಮಂಡಿಯಲ್ಲಿ ಕಡಲೆಕಾಯಿ ಲೋಡು ಕಾಯುತ್ತಿತ್ತು.

“ಇದು ಕೂಡಂಗಿಲ್ಲ,” ಎಂದ ಜಂಬಯ್ಯ. “ಒಂದು ಬಾಯಿ ದೊಡ್ಡದು, ಒಂದು ಬಾಯಿ ಸಣ್ಣದು ಇರೋ ರಬ್ಬರ್ ಪೈಪ್ ಬಳ್ಳಾರ್ಯಾಗ ಸಿಗತೈತಿ. ತಗೊಂಡ್ ಬಾ.”

“ಯಾಕ ಮಾವ, ನಿಮ್ಮೂರಾಗ ಜೀನ್ಸ್ ಮುಗೀತೇನು?”

ಜಂಬಯ್ಯನ ಮುಖದಲ್ಲಿ ಏನೂ ಕಾಣಲಿಲ್ಲ. “ಅವಸರ ಇದ್ರ ಬ್ಯಾರೆ ಕಡೆ ಹಾಕಿಸ್ಕೊ. ನಾ ಹಾಕಂಗಿಲ್ಲ.”

ಆಂಜನೇಯ ಲೋಡಿನವರಿಗೆ ಫೋನು ಮಾಡಿ, ಅವರ ಬೈಗುಳ ಕೇಳಿ, ಫೋನನ್ನು ಜೇಬಿಗೆ ಹಾಕಿಕೊಂಡ.

“ಬ್ಯಾರೆಯವನಾಗಿದ್ರ ಆ ಬಟ್ಟಿ ಮುಚ್ಚಿಟ್ಟು ನೀ ಓಡ್ಸಿದ್ದ ಸರಿ ಇಲ್ಲ ಅಂತಿದ್ದ. ಅದಕ್ಕ ನಿನ್ನ ಹತ್ರ ಬಂದೀನಿ,” ಎಂದು ಬಳ್ಳಾರಿ ಬಸ್ಸು ಹತ್ತಿದ.

ಅವನು ಬರುವುದರೊಳಗೆ ಜಂಬಯ್ಯ ಕಬ್ಬಿಣದ ತಗಡಿಗೆ ತೂತು ಹೊಡೆದು, ಫಿಲ್ಟರ್ ಡಬ್ಬಿಯನ್ನು ಅದರ ಮೇಲೆ ಕೂರಿಸಿ ಲಾರಿಯ ಮೈಗೆ ಬೋಲ್ಟು ಹಾಕಿದ್ದ. ಡಬ್ಬಿಯ ಭಾರ ಪೈಪಿನ ಮೇಲೆ ಬಿದ್ದರೆ ಕ್ಲಿಪ್ ಎಷ್ಟು ಬಿಗಿದರೂ ಸಡಿಲವಾಗುತ್ತದೆ ಎಂದು ಹಿಂದೊಮ್ಮೆ ನನಗೆ ಹೇಳಿದ್ದ. ಮಧ್ಯಾಹ್ನ ಪೈಪು ಬಂತು. ಅದರ ಒಳಮೈಗೆ ಬೆರಳಿನಿಂದ ಬಿಳಿ ಗ್ರೀಸು ಬಳಿದ. ಮೂತಿ ಒರೆಸಿ ಪೈಪನ್ನು ಪೂರಾ ಏರಿಸಿ, ಎರಡೂ ಕಡೆ ಕ್ಲಿಪ್ಪನ್ನು ಸ್ವಲ್ಪ ಸ್ವಲ್ಪವೇ ಬಿಗಿದ. ಗ್ರೀಸು ಯಾಕೆಂದು ಆಂಜನೇಯ ಕೇಳಿದ. ದೂಳು ಒಳಗೆ ನುಸುಳಿದರೆ ಅದಕ್ಕೆ ಅಂಟುತ್ತದೆ, ಹಿರೇಹಾಳಿನ ಕಡೆ ಮಣ್ಣುದಾರಿಯಲ್ಲಿ ಓಡಿಸಿಕೊಂಡು ಬಾ ಎಂದ ಜಂಬಯ್ಯ.

ಲಾರಿ ಹೋಗಿ ಬರುವ ತನಕ ಜಂಬಯ್ಯ ಕಲ್ಲಿನ ಮೇಲೆ ಕೂತೇ ಇದ್ದ. ಕೃಷ್ಣವೇಣಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ನಾನು ಚಹಾ ಕೊಟ್ಟೆ, ಲೋಟ ಕೈಯಲ್ಲೇ ಉಳಿಯಿತು. ಲಾರಿ ಬಂದಾಗ ಗಾಜೆಲ್ಲ ಕೆಂಪಾಗಿತ್ತು. ಜಂಬಯ್ಯ ಕ್ಲಿಪ್ ಬಿಚ್ಚಿ, ಪೈಪಿನೊಳಗೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದ. ಆಂಜನೇಯನೂ ಬಗ್ಗಿ ನೋಡಿದ.

“ಬೆಳ್ಳಗೈತಿ, ಮಾವ.”

“ಹ್ಞೂಂ.”

ಗ್ರೀಸು ಒರೆಸಿ ಪೈಪನ್ನು ಮತ್ತೆ ಕೂರಿಸಿ ಬಿಗಿದ. ಅಷ್ಟರಲ್ಲಿ ಕಡಲೆಕಾಯಿ ಬೇರೆ ಲಾರಿಗೆ ಹೋಗಿಬಿಟ್ಟಿತ್ತು. ನಾಳೆ ಇನ್ನೊಂದು ಸಿಗುತ್ತದೆ ಎಂದು ಆಂಜನೇಯ ಹೊರಟ.

“ಶೆಡ್ಡಿಗೆ ಬೀಗ ಹಾಕೂದು?” ಎಂದು ಕೃಷ್ಣವೇಣಿ ಕೇಳಿದಳು.

“ಸದ್ಯಕ್ಕ ಬ್ಯಾಡ.”

ಅವಳಿಗೆ ಅಷ್ಟು ಸಾಕಾಗಿತ್ತು. ಅವನಿಗೆ ಏನನಿಸಿತೋ ಮುಖ ನೋಡಿ ಹೇಳುವಂತಿರಲಿಲ್ಲ. ಅಷ್ಟು ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು. ಜಂಬಯ್ಯ ಕೊಡಗಳನ್ನು ಸಾಲಾಗಿ ಇಟ್ಟು, ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಪೈಪು ಬಿಡುತ್ತ ನಿಂತ.