ಒಂದು ವರ್ಷ ಮುಂದಿದ್ದ ಮಗ

ಆ ಬೆಳಿಗ್ಗೆ ಡೊಂಬಿವಲಿಯ ನಮ್ಮ ಸಾಲುಮನೆಗಳ ಚಾಳಿನಲ್ಲಿ ನಾನು ನಳದ ನೀರು ಹಿಡಿಯುತ್ತಿದ್ದೆ. ಪಕ್ಕದ ಮನೆಯಾಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಂದು ನಿಂತರು. "ನನ್ನ ಮಗ ಯಾವಾಗಲೂ ಒಂದು ವರ್ಷ ಮುಂದೆ" ಎನ್ನುವುದು ಅವರ ರೂಢಿ. ಬೇಗ ಶಾಲೆಗೆ ಸೇರಿಸಲು ಅವನ ವಯಸ್ಸನ್ನು ಒಂದು ವರ್ಷ ಹೆಚ್ಚಿಗೆ ಬರೆಸಿದ್ದರು. ನಮ್ಮ ಊರ ಕಡೆಯವರಲ್ಲಿ ಅದು ಹೊಸದೇನಲ್ಲ.

ಹಿಂದಿನ ದಿನ ಅವನೂ, ಅವನಿಗಿಂತ ಎರಡು ತಿಂಗಳು ದೊಡ್ಡವನಾದ ಗೆಳೆಯನೂ ಬೈಕ್ ಕದ್ದು ಸಿಕ್ಕಿಬಿದ್ದಿದ್ದರು. ಗೆಳೆಯನನ್ನು ಬಾಲಗೃಹಕ್ಕೆ ಕಳಿಸಿದ್ದರು, ಇವನನ್ನು ದೊಡ್ಡವರ ಜೈಲಿಗೆ.

"ಅವನಿಗೆ ಹದಿನೇಳೇ ಮಾರಾಯ್ತಿ. ಹೆತ್ತವಳು ನಾನು, ನನಗೆ ಗೊತ್ತಿಲ್ವಾ? ಅಂದು ಶಾಲೆಯಲ್ಲಿ ನಾನು ಬರೆಸಿದ್ದನ್ನೇ ಪೊಲೀಸರು ನಂಬ್ತಾರೆ, ಈಗ ಹೇಳಿದ್ದನ್ನು ನಂಬುದಿಲ್ಲ."

ಕೊಡ ತುಂಬಿ ಚೆಲ್ಲುತ್ತಿದ್ದರೂ ಇಬ್ಬರಿಗೂ ನಳ ನಿಲ್ಲಿಸಲು ತೋಚಲಿಲ್ಲ.

ಸಂಜೆ ಎದುರುಮನೆಯವರು ಮೆಂತ್ಯೆಸೊಪ್ಪು ಬಿಡಿಸುತ್ತ ಹೇಳಿದರು: "ಆ ಇನ್ನೊಬ್ಬನನ್ನು ನಾಡಿದ್ದು ಮನೆಗೆ ಬಿಡ್ತಾರಂತೆ. ಪಾಪ, ಅವನಿನ್ನೂ ಮಗು ಅಲ್ವಾ."