ಎಲ್ಲರನ್ನೂ ಹತ್ತಿಸಿ ಉಳಿದವರು

ದೆಹಲಿ ವಿಮಾನ ನಿಲ್ದಾಣದ ಹೊರಗೆ, ನಗರಕ್ಕೆ ಹೋಗುವ ಬಸ್ಸಿನ ಬಾಗಿಲ ಬಳಿ, ಕರಿ ಕಂಬಳಿ ಹೊದ್ದ ಹಿರಿಯರೊಬ್ಬರು ಪಕ್ಕಕ್ಕೆ ಸರಿದು ಎಲ್ಲರನ್ನೂ ಒಳಗೆ ಬಿಡುತ್ತಿದ್ದರು. ಬಸ್ಸು ತುಂಬಿ ಬಾಗಿಲು ಮುಚ್ಚಿತು. ಅವರು ಅಲ್ಲೇ ಉಳಿದರು. ಮುಂದಿನ ಬಸ್ಸಿಗೂ ಹೀಗೇ ಆಯಿತು. ನಾನು ಹೊಸದುರ್ಗದವನು; ಆ ಕಂಬಳಿ ನೋಡಿ ಕನ್ನಡದಲ್ಲೇ ಮಾತಾಡಿಸಿದೆ. ಶ್ರೀರಾಂಪುರದ ಕಡೆಯ ಕುರಿಗಾಹಿ. ಅವರ ತಮ್ಮ ಇಲ್ಲಿನ ಆಸ್ಪತ್ರೆಯಲ್ಲಿ ಕೊನೆಯುಸಿರಿನಲ್ಲಿದ್ದಾನೆಂದು ಫೋನ್ ಬಂದಿತ್ತಂತೆ.

“ಮತ್ತೆ ಎರಡು ಬಸ್ ಯಾಕೆ ಬಿಟ್ರಿ ಯಜಮಾನ್ರೆ?”

“ಮಂದೆ ಎಲ್ಲಾ ದಾಟಿದ ಮ್ಯಾಲೆ ನಾವು ಹೋಗಾದು ಕಣಪ್ಪ. ಇಲ್ಲಿ ಮಂದೆ ಮುಗಿಯಂಗೇ ಕಾಣಲ್ಲ.”

“ಇವತ್ತು ಹಿಂದೆ ನಾನಿರ್ತೀನಿ. ನೀವು ಮುಂದೆ ನಡೀರಿ.”

ಹತ್ತಿದರು. ಕೂತ ಮೇಲೂ, ನಾನು ಹತ್ತಿದೆನೇ ಎಂದು ತಿರುಗಿ ನೋಡಿದರು.

ಅವರು ತಮ್ಮನ ಮುಖ ನೋಡಿದರು ಎಂದು ಬರೆಯಲು ಮನಸ್ಸು ಅವಸರಿಸುತ್ತದೆ. ನನಗೆ ಗೊತ್ತಿಲ್ಲ. ಆಸ್ಪತ್ರೆಯ ಸ್ಟಾಪಿನಲ್ಲಿ, ನಾನೆಷ್ಟು ಹೇಳಿದರೂ ಕೇಳದೆ, ಇಳಿಯುವವರೆಲ್ಲ ಇಳಿಯುವವರೆಗೆ ಅವರು ಕಾದರು. ಕೊನೆಗೆ ತಾವೂ ಇಳಿದು, ಕಂಬಳಿ ಅವುಚಿಕೊಂಡು ಓಡಿದ್ದನ್ನು ಮಾತ್ರ ಕಿಟಕಿಯಿಂದ ಕಂಡೆ.